ಗಂಜಿ ಹಾಕಿದ ಕೆಂಪು ಅರಿವೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಸಂಜೆ ಆರೂವರೆಯಿಂದ ಏಳೂಕಾಲರ ತನಕ ನನ್ನ ಕೈ ಒಂದು ಕಡೆ, ಕಿವಿ ಒಂದು ಕಡೆ. ಕೈ ರೊಟ್ಟಿ ಬಡಿಯುತ್ತಿರುತ್ತದೆ. ಒಳಗೆ ಮಗ ನಡೆಸುವ ನಾಲ್ಕು ಪವರ್‌ಲೂಮ್‌ಗಳು ಖಟಖಟ ಅನ್ನುತ್ತಿರುತ್ತವೆ. ಆ ಸದ್ದಿನ ಸಂದಿಯಲ್ಲಿ ಕಿವಿ ಓಣಿಯ ತುದಿಯಿಂದ ಬರುವ ಸ್ಕೂಟಿಯ ಸದ್ದು ಹುಡುಕುತ್ತಿರುತ್ತದೆ. ಸೊಸೆ ಮಹಾಲಿಂಗಪುರದಲ್ಲಿ ರಕ್ತ ತಪಾಸಣೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಂದ ನಮ್ಮ ಬನಹಟ್ಟಿಗೆ ಅರ್ಧ ತಾಸಿನ ದಾರಿ. ಆ ಅರ್ಧ ತಾಸಿನ ದಾರಿಯಲ್ಲಿ ಕಾರ್ಖಾನೆಗಳಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು, ಟ್ರೇಲರಿನ ಮೇಲೆ ಮಾಳಿಗೆಯೆತ್ತರ ಕಬ್ಬು. ಹಿಂದೆ ದೀಪವಿರುವುದಿಲ್ಲ. ಚಾಲಕ ಹಚ್ಚಿಕೊಂಡ ಹಾಡು ಮಾತ್ರ ಊರಿಗೆಲ್ಲ ಕೇಳುವಷ್ಟಿರುತ್ತದೆ.

ಹಿಂದಿನ ಹಂಗಾಮಿನಲ್ಲಿ ನಮ್ಮ ಓಣಿಯ ನೇಕಾರನೊಬ್ಬ ಬೈಕಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ. ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿದ್ದ ಟ್ರೇಲರು ಅವನಿಗೆ ಕಾಣಲಿಲ್ಲ. ಜೀವ ಉಳಿಯಿತು. ಬಲಗೈ ಮಾತ್ರ ಈಗ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ಹೆಂಡತಿ ಮಗ್ಗ ನಡೆಸುತ್ತಾಳೆ, ಅವನು ಪಕ್ಕದಲ್ಲಿ ಕೂತು ಎಡಗೈಯಿಂದ ಕಂಡಿಕೆಗೆ ನೂಲು ಸುತ್ತುತ್ತಾನೆ. ಅವನನ್ನು ಆಸ್ಪತ್ರೆಯಿಂದ ಕರೆತಂದ ದಿನವೇ ನಾನು ಸೊಸೆಯ ಸ್ಕೂಟಿ ಬಿಡಿಸಿದೆ.

"ಹಂಗಾಮು ಮುಗಿಯೂಮಟ ಬಸ್ಸಿಗೇ ಬಾ," ಎಂದೆ.

"ಬಸ್ಸಿಗೆ ಬಂದ್ರ ಎಂಟೂವರಿ ಆಗತೈತ್ರಿ ಅತ್ತಿ. ಅದೂ ಒಂಟಿಗಾಲಿನ ಮ್ಯಾಲ ನಿಂತು ಬರಬೇಕು."

"ಒಂಟಿಗಾಲಿನ ಮ್ಯಾಲೇ ಬಾ. ಎರಡೂ ಕಾಲು ಉಳೀತಾವಲ್ಲ."

ಆಕೆ ಬಸ್ಸಿಗೇ ಬರತೊಡಗಿದಳು. ಆದರೆ ಮುನಿಸಿಕೊಂಡದ್ದು ಆಕೆ ಊಟದ ತಾಟು ತೊಳೆಯುವ ಸದ್ದಿನಲ್ಲಿ ತಿಳಿಯುತ್ತಿತ್ತು.

ಈ ಹಂಗಾಮಿಗೆ ಮುಂಚೆ ಪೊಲೀಸ್ ಠಾಣೆಯ ಫೌಜದಾರರು ಓಣಿಯ ಗುಡಿಯ ಪಕ್ಕದ ಸಭಾಗೃಹದಲ್ಲಿ ಒಂದು ಸಭೆ ಕರೆದರು. ಟ್ರ್ಯಾಕ್ಟರಿನವರು, ಕಬ್ಬಿನ ರೈತರು, ನಮ್ಮ ಮಹಿಳಾ ಸಂಘದವರು. ಬೆಳಕು ಬಿದ್ದರೆ ಹೊಳೆಯುವ ಅಂಟುಪಟ್ಟಿಯ ಸುರುಳಿಗಳನ್ನು ತಂದಿದ್ದರು. ಇಬ್ಬರು ಪೊಲೀಸರು ಎರಡು ದಿನ ನಿಂತು ಟ್ರೇಲರುಗಳ ಬೆನ್ನಿಗೆ ಅಂಟಿಸಿದರು. ತುಕ್ಕು ಹಿಡಿದ ತಗಡು, ಅದರ ಮೇಲೆ ಧೂಳು, ಕಬ್ಬಿನ ರಸ. ಮೂರನೆಯ ದಿನ ಅರ್ಧದಷ್ಟು ಪಟ್ಟಿ ರಸ್ತೆಯ ಬದಿಯ ಜಾಲಿ ಗಿಡಗಳಲ್ಲಿ ನೇತಾಡುತ್ತಿತ್ತು.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತೆ. ಸಭೆಯಲ್ಲಿ ಮಾತಾಡಿದ ರೂಢಿ ನನಗಿಲ್ಲ. ಸೀರೆಗೆ ಫಾಲ್ ಹಚ್ಚುವುದು, ಅಂಚು ಹೊಲಿಯುವುದು ನನ್ನ ಕೆಲಸ, ಆದ್ದರಿಂದ ನನಗೆ ತಿಳಿದದ್ದನ್ನೇ ಹೇಳಿದೆ. ತಗಡಿಗೆ ಅಂಟದಿದ್ದರೆ ಅರಿವೆಗೆ ಹೊಲಿಯೋಣ, ಅರಿವೆಯನ್ನು ಟ್ರೇಲರಿಗೆ ಕಟ್ಟೋಣ. ಅರಿವೆಗೆ ನಮ್ಮೂರಲ್ಲಿ ಏನು ಬರ. ಫೌಜದಾರರು ಹೊಲಿಯಲು ಬರುವಂಥ ಬೆಳ್ಳಿ ಬಣ್ಣದ ಪಟ್ಟಿ ತರಿಸಿಕೊಟ್ಟರು. ಮನೆಮನೆಯಿಂದ ಉಳಿದ ಕೆಂಪು ಅರಿವೆಯ ತುಂಡು ಬಂದವು. ತೋಳಿನಷ್ಟು ಅಗಲದ ಅರಿವೆ, ಅದರ ಮೇಲೆ ಅಡ್ಡಡ್ಡ ಎರಡು ಪಟ್ಟಿ, ನಾಲ್ಕು ಮೂಲೆಗೆ ಲಾಡಿ. ಮೊದಲನೆಯದನ್ನು ಓಣಿಯ ಆ ತುದಿಗೆ ಹಿಡಿದು ಈ ತುದಿಯಿಂದ ಬೈಕಿನ ದೀಪ ಬಿಟ್ಟು ನೋಡಿದೆವು. ಕಣ್ಣಿಗೆ ಚುಚ್ಚುವಂತೆ ಹೊಳೆಯಿತು. ಕಂಡಿಕೆ ಸುತ್ತುವ ಆ ನೇಕಾರ ತನ್ನ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದ.

ಎರಡು ವಾರದಲ್ಲಿ ಮೂವತ್ತಾರು ಟ್ರೇಲರಿಗೆ ಕಟ್ಟಿದೆವು. ನಾಲ್ಕೇ ದಿನಕ್ಕೆ ಒಬ್ಬ ಟ್ರ್ಯಾಕ್ಟರ್ ಚಾಲಕ ನಮ್ಮ ಕಟ್ಟೆಗೆ ಬಂದು ನಿಂತ. ಮುಧೋಳದ ಕಡೆಯ ಹಳ್ಳಿಯವನು, ಬಾಯಿ ಸುಮ್ಮನಿರುವ ಮನುಷ್ಯನಲ್ಲ.

"ಅಕ್ಕಾರ, ನಿಮ್ಮ ಅರಿಬಿ ನೋಡಬರ್ರಿ. ಗಾಳಿಗೆ ಸುತ್ತಿಕೊಂಡು ಹಗ್ಗ ಆಗೇತಿ. ದನಾ ಕಟ್ಟಾಕ ಛಲೋ ಆಗತೈತಿ."

ಹೋಗಿ ನೋಡಿದರೆ ಖರೆ. ಮೆತ್ತಗಿನ ಅರಿವೆ ಗಾಳಿಗೆ ಸುರುಳಿಯಾಗಿ ಪಟ್ಟಿ ಒಳಗೆ ಸೇರಿಹೋಗಿತ್ತು. ಈ ಸುದ್ದಿ ನನ್ನ ಗಂಡನ ದೊಡ್ಡವ್ವನ ಕಿವಿಗೆ ಬಿತ್ತು. ನಾನು ಆಕೆಯನ್ನು ದೊಡ್ಡತ್ತಿ ಅನ್ನುತ್ತೇನೆ. ಎಪ್ಪತ್ತರ ಮೇಲಿನ ಜೀವ, ಮಗ್ಗಕ್ಕೆ ಏರಿಸುವ ಹಾಸಿನ ನೂಲಿಗೆ ಗಂಜಿ ಹಾಕುವುದರಲ್ಲಿ ಓಣಿಗೇ ಹಿರಿಯಳು. ಗಂಜಿಯ ಹದವನ್ನು ಎರಡು ಬೆರಳಿನ ನಡುವೆ ಹಿಡಿದು ಹೇಳುತ್ತಾಳೆ.

"ಗಂಜಿ ಇಲ್ಲದ ಅರಿಬಿ ಓಣಿ ದಾಟಿಸೀರಿ," ಎಂದಳು. "ನೇಕಾರರ ಮನ್ಯಾಗ ಹುಟ್ಟಿ ಅದೂ ತಿಳೀಲಿಲ್ಲ ನಿಮಗ? ಮಂದಿ ನಗಲಾರದ ಏನ್ ಮಾಡ್ಯಾರು."

ನಮಗೆಲ್ಲ ನಾಚಿಕೆಯಾಯಿತು. ನಮ್ಮಲ್ಲಿ ಮೆತ್ತಗಿನ ಅರಿವೆ ಮನೆಯಿಂದ ಹೊರಗೆ ಹೋಗುವುದೆಂದರೆ ತಲೆ ಬಾಚದೆ ಸಂತೆಗೆ ಹೋದಂತೆ. ಮೂವತ್ತಾರನ್ನೂ ಬಿಚ್ಚಿ ತಂದೆವು. ದೊಡ್ಡತ್ತಿ ದೊಡ್ಡ ಪಾತ್ರೆಯಲ್ಲಿ ಗಟ್ಟಿ ಗಂಜಿ ಕಾಸಿ ಒಂದೊಂದನ್ನೇ ಅದ್ದಿ ಹಿಂಡಿದಳು. ಬಿಸಿಲಿಗೆ ಹಾಕಿದೆವು. ಒಣಗಿದ ಮೇಲೆ ಅರಿವೆ ಹಲಗೆಯಂತೆ ನಿಂತಿತು. ಬಡಿದರೆ ಟಪ್ ಅಂದಿತು. ಅದನ್ನು ಕಟ್ಟಿದ ಮೇಲೆ ಟ್ರೇಲರು ಎಷ್ಟು ಓಡಿದರೂ ಸುಕ್ಕಾಗಲಿಲ್ಲ. ಅದೇ ಚಾಲಕ ಬಂದು, "ಈಗ ಖರೆ ಬನಹಟ್ಟಿ ಮಾಲು ಆತು ನೋಡ್ರಿ," ಎಂದ. ಫೌಜದಾರರು ಸಭೆಯಲ್ಲಿ ನಮ್ಮ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ರಬಕವಿಯ ಒಂದು ಸಂಘದವರು ನೋಡಿಕೊಂಡು ಹೋದರು.

ದೀಪ ಬಿಟ್ಟು ಪರೀಕ್ಷೆ ಮಾಡಿದ್ದು ಗಂಜಿಗೆ ಮೊದಲು. ಗಂಜಿಯ ನಂತರ ಯಾರೂ ಮಾಡಲಿಲ್ಲ. ಯಾಕೆ ಮಾಡಬೇಕು, ಅರಿವೆ ಅದೇ, ಪಟ್ಟಿ ಅದೇ.

ಒಂದು ದಿನ, ಈ ಹಂಗಾಮಿಗೂ ಬಸ್ಸಿಗೇ ಓಡಾಡುತ್ತಿದ್ದ ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಮಾತು ತೆಗೆದಳು. "ಅತ್ತಿ, ಈಗ ಎಲ್ಲಾ ಟ್ರೇಲರಿಗೂ ನಿಮ್ಮ ಅರಿಬಿ ಐತಿ."

"ಐತಿ."

"ಕಾಣಸ್ತೈತಿ ಅಂತ ನೀವೇ ಹೇಳ್ತೀರಿ."

"ಹೇಳ್ತೀನಿ."

"ಹಂಗಾರ ಸ್ಕೂಟಿ ತಗೀಲೇನ್ರಿ?"

ನಾನು ಹಿಟ್ಟಿನ ಕೈ ಒರೆಸಿಕೊಂಡೆ. ಇಡೀ ಊರಿಗೆ ಇದನ್ನು ಕಟ್ಟಿಕೊಂಡರೆ ಭಯವಿಲ್ಲ ಎಂದು ಹೇಳಿದವಳು ನಾನು. ಮನೆಯವಳಿಗೆ ಬೇರೆ ಮಾತು ಹೇಗೆ ಹೇಳಲಿ. "ತಗಿ," ಎಂದೆ.

ಅದಾಗಿ ಹದಿನೈದು ದಿನಕ್ಕೆ ಮಹಾಲಿಂಗಪುರದಲ್ಲಿ ನೆಂಟರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾನು ಮತ್ತು ನನ್ನ ಗಂಡ ಬೈಕಿನ ಮೇಲೆ ಹೋಗಿದ್ದೆವು. ಮರಳುವಾಗ ಸೊಸೆಯ ಲ್ಯಾಬಿನ ಮುಂದೆ ನಿಂತೆವು. ಆಕೆ ಬಾಗಿಲಿಗೆ ಬಂದು, "ಇನ್ನ ಎರಡು ರಿಪೋರ್ಟ್ ಅದಾವು. ನೀವು ಮುಂದ ನಡೀರಿ, ಹಿಂದಿಂದನ ಬರ್ತೀನಿ," ಎಂದಳು. ಚಳಿಗಾಲ. ಆರು ಹೊಡೆಯುವುದರೊಳಗೆ ಹೊತ್ತು ಮುಳುಗಿತ್ತು. ಊರು ದಾಟಿದ ಮೇಲೆ ಎರಡೂ ಕಡೆ ಕಬ್ಬು, ನಡುವೆ ಕಪ್ಪು ರಸ್ತೆ.

ಕಾಲುವೆಯ ಸೇತುವೆಗೆ ಮೊದಲು ಒಂದು ಏರು ಇದೆ. ಅಲ್ಲಿಗೆ ಬರುವಾಗ ಎದುರಿನಿಂದ ಒಂದು ಲಾರಿ ದೊಡ್ಡ ದೀಪ ಬಿಟ್ಟುಕೊಂಡು ಬಂತು. ಕಣ್ಣು ಕತ್ತಲಾದವು. ಲಾರಿ ದಾಟಿತು. ನನ್ನ ಗಂಡ ಬ್ರೇಕ್ ಹಾಕಿದ ರಭಸಕ್ಕೆ ನನ್ನ ಹಣೆ ಅವರ ಬೆನ್ನಿಗೆ ಬಡಿಯಿತು. ಬೈಕು ಅಡ್ಡ ಜಾರಿ ನಿಂತಿತು. ಕಬ್ಬಿನ ಎಲೆ ನನ್ನ ಕೆನ್ನೆಯನ್ನು ಸವರುತ್ತಿತ್ತು.

ಮುಂದೆ ಒಂಟಿ ಟ್ರೇಲರು. ಟ್ರ್ಯಾಕ್ಟರಿಲ್ಲ. ಈ ಕಡೆ ಅದೊಂದು ರೂಢಿ. ಎರಡು ಟ್ರೇಲರು ಎಳೆದುಕೊಂಡು ಏರು ಹತ್ತಲಾಗದಿದ್ದರೆ ಹಿಂದಿನದನ್ನು ಕಳಚಿ ಅಲ್ಲೇ ನಿಲ್ಲಿಸುತ್ತಾರೆ, ಚಕ್ರಕ್ಕೆ ಕಲ್ಲು ಕೊಡುತ್ತಾರೆ, ಮುಂದಿನದನ್ನು ಏರಿನಾಚೆ ಬಿಟ್ಟು ಬಂದು ಇದನ್ನು ಒಯ್ಯುತ್ತಾರೆ. ಈ ಟ್ರೇಲರು ನಿಂತಿದ್ದು ಮಣ್ಣಿನ ಬದಿಗಲ್ಲ, ಡಾಂಬರಿನ ಮೇಲೆ.

ಮತ್ತು ಅದರ ಬೆನ್ನಿಗೆ ನಮ್ಮ ಅರಿವೆ ಇತ್ತು. ಬೈಕಿನ ದೀಪ ನೇರ ಅದರ ಮೇಲೆ ಬಿದ್ದಿತ್ತು. ಸುಕ್ಕಿಲ್ಲದೆ, ಹಲಗೆಯಂತೆ ಸೆಟೆದು ನಿಂತಿದ್ದ ಅರಿವೆ. ಹೊಳಪು ಒಂದು ಎಳೆಯಷ್ಟೂ ಇರಲಿಲ್ಲ. ಮಣ್ಣಿನ ಬಣ್ಣ.

ನಾನು ಇಳಿದು ಬೆರಳಿಟ್ಟೆ. ಜಿಗುಟು. ಇಬ್ಬನಿಗೆ ಗಂಜಿ ನೆನೆದು ಅಂಟಾಗಿತ್ತು, ಆ ಅಂಟಿಗೆ ರಸ್ತೆಯ ಧೂಳು ದಿನವೂ ಒಂದೊಂದು ಪದರ ಕೂತಿತ್ತು. ಉಗುರಿನಿಂದ ಕೆರೆದೆ. ಕೆರೆದ ಜಾಗದಲ್ಲಿ ಸಾಸಿವೆಯಷ್ಟು ಬೆಳಕು ಚಿಮ್ಮಿತು.

"ಏನ್ರಿ," ಎಂದೆ. ಬೆರಳನ್ನು ದೀಪದ ಬೆಳಕಿಗೆ ಹಿಡಿದೆ. ಮತ್ತೊಮ್ಮೆ ಹೇಳಿದೆ. "ಏನ್ರಿ, ಗಂಜಿ. ನಮ್ಮ ಗಂಜಿ ಹೊಳಪು ಮುಚ್ಚೇತಿ."

ಅವರು ಬೈಕು ಹಿಡಿದುಕೊಂಡೇ ನೋಡಿದರು. ಮೂವತ್ತಾರು ಅರಿವೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಆದರೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಆಕಿ ಬರೂ ಹೊತ್ತಾತು."

ಫೋನು ಹಚ್ಚಿದೆ. ರಿಂಗ್ ಆಯಿತು, ಎತ್ತಲಿಲ್ಲ. ಗಾಡಿ ಹೊಡೆಯುವಾಗ ಫೋನನ್ನು ಸೀಟಿನ ಕೆಳಗೆ ಹಾಕಬೇಕೆಂದು ಕಲಿಸಿದವಳೂ ನಾನೇ. ಎತ್ತಲಿಲ್ಲವೆಂದರೆ ಹೊರಟಿದ್ದಾಳೆ.

"ನೀವು ಹಿಂದಕ್ಕ ಹೋಗ್ರಿ. ಊರ ಕಡೆ ಹೋಗಿ ಆಕಿನ್ನ ತಡೀರಿ."

"ನಾ ಬೈಕ್ ತೊಗೊಂಡ ಹೋದ್ರ ಇಲ್ಲಿ ಬೆಳಕಿಲ್ಲ. ನಿನ್ನ ಅರಿಬಿ ಕುರುಡ ಐತಿ."

"ನಾ ನಿಂದರ್ತೀನಿ. ನೀವು ಹೋಗ್ರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಬರಾಕಿ ನಮ್ಮಾಕಿ ಒಬ್ಬಾಕೆ ಅಲ್ಲ," ಎಂದರು.

ಬೈಕನ್ನು ದೂಡಿಕೊಂಡು ಐವತ್ತು ಹೆಜ್ಜೆ ಹಿಂದೆ ಹೋದರು. ಅಂಚಿಗೆ ನಿಲ್ಲಿಸಿ ಹಳದಿ ದೀಪ ಮಿಣಮಿಣ ಬಿಟ್ಟರು. ಹೆಗಲ ಮೇಲಿನ ಬಿಳಿ ಟಾವೆಲ್ ಬೀಸುತ್ತ ನಿಂತರು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಸಿಟ್ಟು ಬಂದದ್ದು ಖರೆ, ಸುಳ್ಳು ಹೇಳಲಾರೆ. ಊರ ಮಂದಿಯ ಚಿಂತೆ ಇವರಿಗೇ ಯಾಕೆ ಬೇಕಿತ್ತು ಅನ್ನಿಸಿತ್ತು.

ಚೀಲದಲ್ಲಿ ಅರ್ಧ ಬಾಟಲಿ ನೀರಿತ್ತು. ಸೆರಗು ನೆನೆಸಿ ಮೇಲಿನ ಪಟ್ಟಿಯ ಎಡತುದಿಯಿಂದ ತಿಕ್ಕಲು ಹತ್ತಿದೆ. ಮೊದಲ ಸಲ ತಿಕ್ಕಿದರೆ ಕೆಸರಾಯಿತು. ಎರಡನೆಯ ಸಲಕ್ಕೆ ಲೋಳೆ ಬಂತು. ಮೂರನೆಯ ಸಲಕ್ಕೆ ಒಂದು ಗೇಣು ಶುಚಿಯಾಯಿತು. ದೊಡ್ಡತ್ತಿ ಗಂಜಿಯನ್ನು ಎಷ್ಟು ಚೆನ್ನಾಗಿ ಹಾಕಿದ್ದಳೆಂದರೆ ಬಿಡಲೊಲ್ಲದು.

ಹಿಂದೆ ವಾಹನದ ಸದ್ದಾಯಿತೆಂದರೆ ಮೈಯೆಲ್ಲ ಕಿವಿಯಾಗುತ್ತಿತ್ತು. ಒಂದು ಬಸ್ಸು ಬಂತು, ಟಾವೆಲ್ ನೋಡಿ ನಿಧಾನವಾಗಿ ಬದಿಗೆ ಸರಿದು ಹೋಯಿತು. ಒಂದು ಬೈಕಿನ ಮೇಲೆ ಮೂವರು ಬಂದರು. ನನ್ನ ಗಂಡ ಕೂಗಿದ್ದು ಕೇಳಿತು. ಅವರು ನಿಲ್ಲಿಸಲಿಲ್ಲ. ಟ್ರೇಲರು ಹತ್ತಿರ ಬಂದ ಮೇಲೆ ಕಂಡಿರಬೇಕು, ಬಲಕ್ಕೆ ಎಳೆದರು, ಹಿಂದೆ ಕೂತವನ ಮೊಣಕಾಲು ನನ್ನ ಸೀರೆಗೆ ತಗುಲಿತು. "ಏ ಯವ್ವ, ಸಾಯಾಕ ನಿಂತೀಯೇನ?" ಎಂದು ಒಬ್ಬ ಬೈದು ಹೋದ. ನಾನು ತಿಕ್ಕುವುದನ್ನು ಬಿಡಲಿಲ್ಲ. ನೀರು ಮುಗಿಯಿತು. ಉಗುಳು ಹಚ್ಚಿ ತಿಕ್ಕಿದೆ. ಎಷ್ಟು ಹೊತ್ತು ತಿಕ್ಕಿದೆನೋ, ಅರ್ಧ ಪಟ್ಟಿಗೆ ಬಂದಿದ್ದೆ.

ಆಗ ಸಾಮಾನು ತುಂಬಿದ ಒಂದು ಟೆಂಪೊ ಬಂತು. ಅದರ ದೀಪದಲ್ಲಿ ನನ್ನ ನೆರಳು ಅರಿವೆಯ ಮೇಲೆ ಬಿತ್ತು, ನಾನು ಪಕ್ಕಕ್ಕೆ ಸರಿದೆ. ಟೆಂಪೊ ನನ್ನ ಗಂಡನನ್ನು ನೋಡಿ ತಡಮಾಡದೆ ಬಲಕ್ಕೆ ತಿರುಗಿ ದಾಟಿತು. ಅದರ ಬೆನ್ನಿಗೇ ಒಂದು ಸಣ್ಣ ದೀಪ. ಟೆಂಪೊದ ಮರೆಯಲ್ಲಿ ಬಂದದ್ದರಿಂದ ಅದಕ್ಕೆ ಟಾವೆಲ್ಲೂ ಕಂಡಿರಲಿಲ್ಲ, ನನ್ನ ಗಂಡನೂ ಕಂಡಿರಲಿಲ್ಲ. ಟೆಂಪೊ ಸರಿದದ್ದೇ ಆ ದೀಪದ ಮುಂದೆ ಇದ್ದದ್ದು ಟ್ರೇಲರು.

ಸದ್ದಿನಿಂದಲೇ ತಿಳಿಯಿತು, ನಮ್ಮ ಸ್ಕೂಟಿ.

ಕೂಗಬೇಕೆಂದೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ದೀಪ ಒಮ್ಮೆ ಅಲುಗಾಡಿತು. ಟಯರು ಮಣ್ಣಿಗೆ ಇಳಿದು ಕರಕರ ಅಂದಿತು. ಸ್ಕೂಟಿ ಎಡಕ್ಕೆ ವಾಲಿ ಕಬ್ಬಿನ ಹೊಲದ ಅಂಚಿನಲ್ಲಿ ಬಿತ್ತು. ಇಂಜಿನ್ನು ಇನ್ನೂ ತಿರುಗುತ್ತಿತ್ತು.

ನಾನು ಓಡಿದೆ. ನನ್ನ ಗಂಡನೂ ಓಡಿ ಬಂದರು. ಆಕೆ ಆಗಲೇ ಮೊಣಕೈ ಊರಿ ಎದ್ದು ಕೂತಿದ್ದಳು. ಹೆಲ್ಮೆಟ್ಟಿನ ಮೇಲೆಲ್ಲ ಹುಡಿಮಣ್ಣು. ಮೊಣಕೈ ಕೆತ್ತಿಹೋಗಿತ್ತು, ಕೈಬೆರಳು ಎಲ್ಲ ಆಡುತ್ತಿದ್ದವು. ನಾನು ಒಂದೊಂದು ಬೆರಳನ್ನೂ ಹಿಡಿದು ನೋಡಿದೆ.

"ಅತ್ತಿ, ನೀವ್ ಇಲ್ಲಿ ಏನ್ ಮಾಡಾಕತ್ತೀರಿ?"

ನಾನು ಇನ್ನೂ ಆಕೆಯ ಕೈ ಹಿಡಿದಿದ್ದೆ. ನನ್ನ ಗಂಡನೇ ಎಲ್ಲ ಹೇಳಿದರು.

"ಕಡ್ಡಿ ಅಡ್ಡ ಇಟ್ಟಂಗ ಏನೋ ಹೊಳೀತ್ರಿ," ಎಂದಳು ಆಕೆ. "ಇಷ್ಟ, ಗೇಣುದ್ದ. ಏನಂತ ತಿಳೀಲಿಲ್ಲ. ತಿಳೀಲಾರದಕ್ಕ ಬ್ರೇಕ್ ಹಾಕಿದೆ."

ಆಕೆ ಎದ್ದು ಕುಂಟುತ್ತ ಟ್ರೇಲರಿನ ಹತ್ತಿರ ಬಂದಳು. ತನ್ನ ಫೋನಿನ ಬೆಳಕನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಟ್ಟಿಯನ್ನು ನೋಡಿದಳು. ತಿಕ್ಕಿದ ಅರ್ಧ ಉರಿಯುತ್ತಿತ್ತು, ತಿಕ್ಕದ ಅರ್ಧ ಸತ್ತಿತ್ತು. "ಗಾಜಿನ ಮ್ಯಾಲ ಏನರ ಒಣಗಿದ್ರ ನಮ್ಮ ಮೈಕ್ರೋಸ್ಕೋಪಿಗೂ ಏನೂ ಕಾಣೂದಿಲ್ಲ," ಎಂದಳು. ಬೈಗುಳವಾಗಿ ಹೇಳಲಿಲ್ಲ. ಹಂಗಿಸಿದ್ದರೆ ನನಗೆ ಹಗುರವಾಗುತ್ತಿತ್ತು. ತನ್ನ ಚೀಲದ ನೀರಿನ ಬಾಟಲಿ ತೆಗೆದು ಉಳಿದರ್ಧ ಪಟ್ಟಿಗೆ ಸುರಿದಳು. ಇಬ್ಬರೂ ಸೇರಿ ತಿಕ್ಕಿದೆವು. ಆಕೆಯ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

ಅಷ್ಟರಲ್ಲಿ ಸೇತುವೆಯ ಆಚೆಯಿಂದ ಟ್ರ್ಯಾಕ್ಟರು ವಾಪಸು ಬಂತು. ಇಳಿದವನು ಅದೇ ಬಾಯಿಬಡುಕ ಚಾಲಕ. ನನ್ನ ಗಂಡ ಅವನ ಮೇಲೆ ಏರಿ ಹೋದರು. "ಡಾಂಬರ ಮ್ಯಾಲ ಬಿಟ್ಟ ಹೋಗ್ತೀಯೇನಲೇ? ಬದಿಗಿ ಹಚ್ಚಾಕ ಏನಾಗಿತ್ತ?"

"ಬದಿಗಿ ಹಚ್ಚಿದ್ರ ಗಾಲಿ ಹುಗೀತಾವ್ರೀ. ಮೊದಲ ಹಚ್ಚತಿದ್ದೆ, ಇಲ್ಲ ಅನ್ನೂದಿಲ್ಲ." ಅವನು ನನ್ನ ಕಡೆ ತಿರುಗಿದ. ನನ್ನ ನೆನೆದ ಸೆರಗನ್ನೂ ಅರಿವೆಯನ್ನೂ ನೋಡಿ ದನಿ ಇಳಿಸಿದ. "ಈಗ ನಿಮ್ಮ ಅರಿಬಿ ಐತಲ್ರಿ ಅಕ್ಕಾರ. ಕಾಣಸ್ತೈತಿ ಅಂತ ನೀವ ಹೇಳಿದ್ರಿ. ಅದಕ ಬಿಟ್ಟೆ."

ಹೌದು, ನಾನೇ ಹೇಳಿದ್ದೆ. ಅರಿವೆ ಇಲ್ಲದಿದ್ದಾಗ ಟ್ರೇಲರು ಮಣ್ಣಿಗೆ ಇಳಿಯುತ್ತಿತ್ತು, ಸೊಸೆ ಬಸ್ಸಿಗೆ ಬರುತ್ತಿದ್ದಳು. ನಾವು ಅರಿವೆ ಕಟ್ಟಿ ಎರಡನ್ನೂ ರಸ್ತೆಗೆ ತಂದಿದ್ದೆವು.

ಮನೆಗೆ ಬಂದು ಆಕೆಯ ಮೊಣಕೈಗೆ ಅರಿಷಿಣ ಹಚ್ಚಲು ಹೋದೆ, ಆಕೆ ಬೇಡವೆಂದು ತನ್ನ ಡಬ್ಬಿಯ ಔಷಧ ಹಚ್ಚಿಕೊಂಡಳು. ನಾನು ದೊಡ್ಡತ್ತಿಯ ಮನೆಗೆ ನಡೆದೆ. ದಾರಿಯಲ್ಲಿ ಹತ್ತು ರೀತಿ ಮಾತು ಜೋಡಿಸಿಕೊಂಡಿದ್ದೆ. ಆಕೆಯ ಮುಂದೆ ಕೂತ ಮೇಲೆ ಒಂದೂ ನೆನಪಾಗಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದೆ. ಆಕೆ ನನ್ನ ಸೆರಗನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಣಗುತ್ತಿದ್ದ ಲೋಳೆಯನ್ನು ಎರಡು ಬೆರಳಿನ ನಡುವೆ ಉಜ್ಜಿದಳು.

"ನಂದ ಹದ," ಎಂದಳು. ಸೆರಗನ್ನು ನನ್ನ ಕಡೆ ಬಿಟ್ಟು, "ಹುಡುಗಿಗಿ ಎಷ್ಟ ಪೆಟ್ಟಾಗೇತಿ?"

"ಮೊಣಕೈ ಅಷ್ಟ."

"ನಾಳೆ ನಸುಕಿನ್ಯಾಗ ಹಂಡೆಗೆ ಉರಿ ಹಾಕು. ಬಿಸಿನೀರಿಗೆ ಅಷ್ಟ ಬಿಡತೈತಿ ಅದು, ತಣ್ಣೀರಿಗೆ ಬಿಡೂದಿಲ್ಲ."

ಫೌಜದಾರರಿಗೆ ಫೋನು ಮಾಡುವುದು ಅದಕ್ಕಿಂತ ಕಷ್ಟವಾಯಿತು. ಚಪ್ಪಾಳೆ ಹೊಡೆಸಿದ ಮನುಷ್ಯರು. ನಡೆದದ್ದನ್ನು ಅವರಿಗೂ ಹೇಳಿದೆ. "ಅರಿಬಿ ನಂಬಿ ನಾನೂ ಅಂಟುಪಟ್ಟಿ ಹಚ್ಚೂದು ಬಿಡಿಸಿದ್ನಲ್ರಿ ಅಕ್ಕಾರ," ಎಂದರು. ಮರುದಿನ ಮುಂಜಾನೆ ಒಬ್ಬ ಪೊಲೀಸನನ್ನು ಗಾಡಿಯ ಜೊತೆ ಕಳಿಸಿಕೊಟ್ಟರು.

ಕಾರ್ಖಾನೆಯ ಹೊರಗೆ ತೂಕಕ್ಕೆ ಕಾಯುವ ಟ್ರ್ಯಾಕ್ಟರುಗಳ ಸಾಲು ಮೈಲುದ್ದ ಇರುತ್ತದೆ. ಅಲ್ಲಿಗೆ ಬಿಸಿನೀರಿನ ಕೊಡ, ಬಕೀಟು, ತೆಂಗಿನ ನಾರು ತೆಗೆದುಕೊಂಡು ಒಂಬತ್ತು ಮಂದಿ ಹೆಂಗಸರು ಹೋದೆವು. ದೊಡ್ಡತ್ತಿಯೂ ಬಂದಳು, ಬೇಡವೆಂದರೂ ಕೇಳಲಿಲ್ಲ. ಕೈಯೆತ್ತಲಾಗದ ನೇಕಾರನ ಹೆಂಡತಿ ಎಲ್ಲರಿಗಿಂತ ಮುಂದೆ. ಪ್ರತಿ ಚಾಲಕನಿಗೂ ನಾನೇ ಹೇಳಿದೆ: ತಪ್ಪು ನಮ್ಮದು, ಇಷ್ಟು ದಿನ ಇದು ಹೊಳೆಯುತ್ತಿರಲಿಲ್ಲ, ಹೊಳೆದರೂ ಟ್ರೇಲರನ್ನು ಡಾಂಬರಿನ ಮೇಲೆ ಬಿಡಬೇಡಿ.

ಕೆಲವರು ನಕ್ಕರು. "ಟ್ರ್ಯಾಕ್ಟರನ್ನೂ ತೊಳದ ಹೋಗ್ರಿ ಹಂಗ, ಪುಣ್ಯಾ ಬರತೈತಿ," ಎಂದ ಒಬ್ಬ.

"ನಿನ್ನ ಅಂಗಿ ಮೊದಲ ಬಿಚ್ಚಿ ಕೊಡು," ಎಂದಳು ದೊಡ್ಡತ್ತಿ. "ಅದು ಟ್ರ್ಯಾಕ್ಟರಿಗಿಂತ ಹೊಲಸ ಆಗೇತಿ."

ತೊಳೆದ ಅರಿವೆ ಮತ್ತೆ ಮೆತ್ತಗಾಯಿತು. ಅದಕ್ಕೂ ದೊಡ್ಡತ್ತಿಯೇ ದಾರಿ ಹುಡುಕಿದಳು. ಮಗ್ಗದಲ್ಲಿ ಹಾಸಿನ ಎಳೆ ಬಿಡಿಸಿ ಹಿಡಿಯಲು ಕೋಲು ತೂರಿಸುತ್ತೇವಲ್ಲ, ಹಾಗೆ ಮೇಲೆ ಕೆಳಗೆ ಅಂಚು ಮಡಚಿ ಹೊಲಿದು ಒಂದೊಂದು ಬಿದಿರು ಕೋಲು ತೂರಿಸಿದೆವು. ಗಾಳಿಗೆ ಸುತ್ತಿಕೊಳ್ಳಲಿಲ್ಲ. ಈ ಸಲ ಸಂಜೆ ಬೈಕಿನ ದೀಪ ಬಿಟ್ಟು ಒಂದೊಂದನ್ನೂ ನೋಡಿ ಕಳಿಸಿದೆವು.

ಎಣಿಸಿದರೆ ಮೂವತ್ತೈದು. ಒಂದು ಸಿಗಲಿಲ್ಲ. ಆ ಚಾಲಕ ಲೋಕಾಪುರದ ಕಡೆ ಹೋಗಿದ್ದಾನೆ ಎಂದರು ಕೆಲವರು, ಬೀಳಗಿಯ ಕಡೆ ಎಂದರು ಕೆಲವರು. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ಕಬ್ಬು ತುಂಬುತ್ತಿದ್ದ ಎಂದು ಒಬ್ಬ ಹೇಳಿದ. ನನ್ನ ಗಂಡ ಅಲ್ಲಿಗೂ ಹೋಗಿ ಬಂದರು, ಇರಲಿಲ್ಲ. ಮೂವತ್ತೈದು ಸರಿಯಾದದ್ದು ನನಗೆ ಲೆಕ್ಕಕ್ಕೇ ಇರಲಿಲ್ಲ. ಆ ಒಂದು ಟ್ರೇಲರು ಯಾವುದೋ ಏರಿನಲ್ಲಿ, ಯಾರ ಮನೆಯವರ ದಾರಿಯಲ್ಲೋ ನಿಂತಿದೆ ಎಂದು ರೊಟ್ಟಿ ಬಡಿಯುವಾಗ ಕಾಣುತ್ತಿತ್ತು. ಸೊಸೆ ಮತ್ತೆ ಬಸ್ಸು ಹಿಡಿದಿದ್ದಳು. ನಾನು ಹೇಳಿರಲಿಲ್ಲ, ಆಕೆಯೇ ಹಿಡಿದಳು.

ಐದನೆಯ ದಿನ ರಾತ್ರಿ ಎಂಟರ ಹೊತ್ತಿಗೆ ಆಕೆಯ ಫೋನು. ಹಿಂದೆ ವಾಹನಗಳ ಸದ್ದು.

"ಅತ್ತಿ, ಅಂಜಬ್ಯಾಡ್ರಿ. ಆ ಟ್ರೇಲರು ಸಿಕ್ತು. ಚಾದಂಗಡಿ ಮುಂದ ನಿಂತಿತ್ತು, ಕೋಲಿಲ್ಲದ ಅರಿಬಿ ಬಸ್ಸಿನ ಕಿಟಕ್ಯಾಗಿಂದ ಕಾಣ್ತು, ಇಳದೇನಿ."

"ಬಸ್ ಬಿಟ್ಟೇನ?"

"ಬಿಟ್ಟೆ. ಚಾದಂಗಡಿಯವರ ಕಡೆ ಬಿಸಿನೀರು ಇಸಗೊಂಡು ತೊಳ್ಯಾಕತ್ತೇನಿ. ಡ್ರೈವರಣ್ಣ ಬ್ಯಾಟ್ರಿ ಹಿಡದಾನ. ಮುಂದಿನ ಬಸ್ಸಿಗೆ ಬರ್ತೀನಿ."

ಮುಂದಿನ ಬಸ್ಸು ಬರುವ ತನಕ ನಾನು ಕಟ್ಟೆಯ ಮೇಲೆ ಕೂತೆ. ಒಳಗೆ ಹೋಗಿ ಬೇಳೆ ಇಳಿಸಿ ಬಂದು ಮತ್ತೆ ಕೂತೆ. ಆಕೆ ಬಂದಾಗ ಅಂಗೈ ತುಂಬ ಕೆಂಪು ಮಣ್ಣು, ಓಡಾಡಿದ ಆಯಾಸ, ಮುಖದಲ್ಲಿ ಮಾತ್ರ ಮುನಿಸಿನ ಸುಳಿವಿಲ್ಲ. ಆ ದಿನ ಒಲೆಯ ಮುಂದೆಯೇ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮರುದಿನ ಮುಂಜಾನೆ ಸ್ಕೂಟಿಯನ್ನು ಹೊರಗೆ ತೆಗೆದಳು. ಹೋಗಲೇ ಎಂದು ಕೇಳಲಿಲ್ಲ. ಹೋಗು ಎಂದು ನಾನೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಂದು ಒಣ ಅರಿವೆ ತಂದು ಸ್ಕೂಟಿಯ ಮುಂದಿನ ದೀಪದ ಗಾಜನ್ನು ಒರೆಸಿದೆ, ಹಿಂದಿನ ಕೆಂಪು ದೀಪವನ್ನೂ ಒರೆಸಿದೆ.

ಆಕೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನನ್ನ ಕೈಯಲ್ಲಿದ್ದ ಅರಿವೆಯನ್ನು ನೋಡಿದಳು. "ಇದಕ್ಕ ಗಂಜಿ ಹಾಕಿಲ್ಲಲ್ರಿ, ಅತ್ತಿ?"

"ನಡಿ ಸಾಕು," ಎಂದೆ.